ಗಾಜಿನ ನಾರಿಗೆ ಒಂದು ತೇಪೆ

ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಮಕ್ಕಳನ್ನು ಹೊತ್ತು ಗಿರಗಿರ ಸುತ್ತುವ ಬಣ್ಣದ ಕುದುರೆಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಯಾವುದೋ ಒಂದರ ಮೂತಿಯಲ್ಲೋ ಕಿವಿಯಲ್ಲೋ ಬಣ್ಣದಡಿ ಸಣ್ಣದೊಂದು ಉಬ್ಬು ಸಿಕ್ಕೇ ಸಿಗುತ್ತದೆ. ಲಾರಿಯಲ್ಲಿ ಊರಿಂದೂರಿಗೆ ತಿರುಗುವ ಕುದುರೆ ಎಲ್ಲೋ ಒಡೆದುಕೊಂಡಿದೆ, ಯಾರೋ ತೇಪೆ ಹಾಕಿದ್ದಾರೆ. ಆ ಕುದುರೆ ಯಾವುದರಿಂದ ಆಗಿದೆಯೋ, ಜಾತ್ರೆಗೆ ಜನರನ್ನು ತಂದಿಳಿಸುವ ಮಿನಿ ಬಸ್ಸಿನ ಮುಖವೂ ಅದರಿಂದಲೇ ಆಗಿದೆ. ಬಸ್ ಬಾಡಿ ಕಟ್ಟುವವರ ಮಾತಿನಲ್ಲಿ ಹೇಳುವುದಾದರೆ ಅದು ಫ್ರಂಟ್ ಶೋ. ಹಿಂಭಾಗದ್ದು ಬ್ಯಾಕ್ ಶೋ. ಎರಡೂ ಫೈಬರ್.

ಮಳೆ ನಿಂತು ಜಲಪಾತಗಳು ತುಂಬಿರುವ ತಿಂಗಳುಗಳಲ್ಲಿ ಈ ವಾಹನಗಳಿಗೆ ಬಿಡುವಿಲ್ಲ. ಯಲ್ಲಾಪುರದ ಸಾತೊಡ್ಡಿ, ಮಾಗೋಡ, ಸಿದ್ದಾಪುರದ ಉಂಚಳ್ಳಿ, ಶಿರಸಿಯ ಸಹಸ್ರಲಿಂಗ, ಅಲ್ಲಿಂದ ಯಾಣ, ಗೋಕರ್ಣ. ದೊಡ್ಡ ರಸ್ತೆ ಬಿಟ್ಟು ಒಳಗೆ ಹೊರಳಿದ ಮೇಲೆ ದಾರಿ ಕಿರಿದು, ತಿರುವು ಜಾಸ್ತಿ, ಎದುರಿನಿಂದ ಇನ್ನೊಂದು ಗಾಡಿ ಬಂದರೆ ಧರೆಗೆ ಒರಗಿಯೇ ನಿಲ್ಲಬೇಕು. ಅರಬೈಲ್ ಘಟ್ಟ, ದೇವಿಮನೆ ಘಟ್ಟಗಳಲ್ಲಿ ಲಾರಿಗಳ ಜೊತೆ ಪೈಪೋಟಿ ಬೇರೆ. ಬಂಪರಿನ ಮೂಲೆ ಕಲ್ಲಿಗೆ ತಾಗುವುದು, ಮರದ ಕೊಂಬೆ ಮೇಲ್ಭಾಗವನ್ನು ಗೀರುವುದು, ಹಿಂದೆ ತೆಗೆಯುವಾಗ ಗಿಡದ ಬುಡಕ್ಕೆ ಬ್ಯಾಕ್ ಶೋ ಕುಕ್ಕುವುದು ದಿನನಿತ್ಯದ ಸಂಗತಿ.

ತಗಡಾದರೆ ನೆಗ್ಗುತ್ತದೆ, ಬಡಿದು ಸರಿಮಾಡಬಹುದು. ಫೈಬರ್ ನೆಗ್ಗುವುದಿಲ್ಲ. ಸ್ವಲ್ಪ ಬಾಗಿ ಮತ್ತೆ ಮೊದಲಿನಂತಾಗುತ್ತದೆ, ಇಲ್ಲವಾದರೆ ಒಡೆಯುತ್ತದೆ.

ಇಲ್ಲೊಂದು ಗೊಂದಲವಿದೆ. ನಮ್ಮಲ್ಲಿ ಪ್ಲಾಸ್ಟಿಕ್ ಕುರ್ಚಿಯೂ ಫೈಬರ್, ಸ್ಕೂಟರಿನ ಮಡ್‌ಗಾರ್ಡೂ ಫೈಬರ್, ಕಾರಿನ ಬಂಪರೂ ಫೈಬರ್. ಆದರೆ ಇಂದಿನ ಬಹುತೇಕ ಕಾರುಗಳ ಬಂಪರು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು. ಫೈಬರ್ ರಿಪೇರಿಗೆ ಬಳಸುವ ರೆಸಿನ್ ಎಂಬ ಅಂಟು ದ್ರವ ಅದಕ್ಕೆ ಹಿಡಿಯುವುದೇ ಇಲ್ಲ. ಕಾಯಿಸಿದ ಸಲಾಕೆಯಿಂದ ಕರಗಿಸಿ ಬೆಸೆಯಬೇಕು. ಯಾವುದು ಯಾವುದೆಂದು ತಿಳಿಯಬೇಕಾದರೆ ಬಂಪರಿನ ಹಿಂಬದಿ ಮುಟ್ಟಿ ನೋಡಿದರಾಯಿತು. ಪ್ಲಾಸ್ಟಿಕ್ ಆದರೆ ಒಳಗೂ ನುಣುಪು, ಎಲ್ಲೋ ಒಂದು ಕಡೆ ಪಿ.ಪಿ. ಎಂಬ ಅಚ್ಚು ಇರುತ್ತದೆ. ನಿಜವಾದ ಫೈಬರ್‌ಗ್ಲಾಸ್ ಆದರೆ ಹಿಂಬದಿ ಒರಟು, ಅಡ್ಡಾದಿಡ್ಡಿ ನಾರುಗಳು ಕಣ್ಣಿಗೇ ಕಾಣುತ್ತವೆ. ಈ ಒಂದು ಪರೀಕ್ಷೆ ಮಾಡದೆ ಮಾಡಿದ ರಿಪೇರಿ ಮೊದಲ ಹಂಪಿನಲ್ಲೇ ಕಳಚಿಕೊಂಡರೆ ರೆಸಿನ್ನಿನ ತಪ್ಪಲ್ಲ.

ಹೆಸರೇ ಹೇಳುವಂತೆ ಇದು ಗಾಜಿನ ನಾರು. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯುತ್ತಿದ್ದಾಗ, ಜೋರಾಗಿ ನುಗ್ಗಿದ ಗಾಳಿ ಕರಗಿದ ಗಾಜನ್ನು ಸಣ್ಣ ಎಳೆಗಳಾಗಿ ಚದುರಿಸಿತಂತೆ. ಕೈತಪ್ಪಿನಿಂದ ಹುಟ್ಟಿದ ಆ ಎಳೆಗಳಿಗೆ ಮುಂದೆ ಪಾಲಿಯೆಸ್ಟರ್ ರೆಸಿನ್ ಜೊತೆಯಾಯಿತು. 1953ರಲ್ಲಿ ಷೆವ್ರಲೆ ಕಾರ್ವೆಟ್ ಕಾರು ಫೈಬರ್ ಮೈಯೊಂದಿಗೇ ರಸ್ತೆಗಿಳಿಯಿತು.

ಕರ್ನಾಟಕಕ್ಕೂ ಈ ಕತೆಯಲ್ಲಿ ಪಾಲಿದೆ. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ತಯಾರಾದ ಬಾದಲ್ ಎಂಬ ಮೂರು ಚಕ್ರದ ಪುಟ್ಟ ಕಾರಿನ ಮೈ ಫೈಬರ್‌ನದು. ಅದೇ ಬಳಗದಿಂದ 1982ರಲ್ಲಿ ಸಿಪಾನಿ ಡಾಲ್ಫಿನ್ ಬಂತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಅದೂ ಫೈಬರ್. ತುಕ್ಕು ಹಿಡಿಯದ ಕಾರು ಎನ್ನುವುದು ಮಲೆನಾಡಿನವರಿಗಂತೂ ವರವಾಗಬೇಕಿತ್ತು. ತಗಡಿನ ಮಾರುತಿ ಬಂದಮೇಲೆ ಡಾಲ್ಫಿನ್ ಬದಿಗೆ ಸರಿಯಿತು.

ಇನ್ನು ರಿಪೇರಿ. ಹೊರಗಿನವರಿಗೆ ಇದು ಹಚ್ಚುವ ಕೆಲಸವಾಗಿ ಕಾಣುತ್ತದೆ. ಬಲ್ಲವರಿಗೆ ಇದು ಮುಕ್ಕಾಲು ಪಾಲು ಉಜ್ಜುವ ಕೆಲಸ. ಒಡೆದ ಅಂಚುಗಳ ಮೇಲೆ ನೇರವಾಗಿ ಪುಟ್ಟಿ ಮೆತ್ತಿದರೆ ನೋಡಲು ಚೆಂದ, ಬಾಳಿಕೆ ಶೂನ್ಯ. ಪುಟ್ಟಿಗೆ ನಾರಿಲ್ಲ, ನಾರಿಲ್ಲದ ಮೇಲೆ ಕಸುವಿಲ್ಲ. ಆದ್ದರಿಂದ ಮೊದಲು ಗ್ರೈಂಡರ್ ಹಿಡಿದು ಒಡೆದ ಜಾಗದ ಸುತ್ತ ಇಳಿಜಾರು ಮಾಡಬೇಕು. ದಪ್ಪದ ಹನ್ನೆರಡು ಪಟ್ಟು ಅಗಲದ ಇಳಿಜಾರು ಎಂಬುದು ಒಳ್ಳೆಯ ಕೆಲಸದ ಅಳತೆ. ಮೂರು ಮಿಲಿಮೀಟರ್ ದಪ್ಪದ ಬಂಪರಾದರೆ ಬಿರುಕಿನ ಎರಡೂ ಬದಿಗೆ ಮೂವತ್ತಾರು ಮಿಲಿಮೀಟರ್. ಬೆರಳುದ್ದದ ಬಿರುಕಿಗೆ ಅಂಗೈ ಅಗಲ ಉಜ್ಜಿದ್ದನ್ನು ನೋಡಿ ಮಾಲೀಕ ಗಾಬರಿಯಾಗುವುದು ಇಲ್ಲಿಯೇ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದಕ್ಕೆ ಓಡುವುದೂ ನಿಲ್ಲುತ್ತದೆ.

ಮೇಲ್ಮೈಯಲ್ಲಿ ಜೇಡರ ಬಲೆಯಂಥ ಗೆರೆಗಳೆದ್ದಿದ್ದರೆ ಅದು ಬೇರೆ ರೋಗ. ಹೆಚ್ಚಿನ ಸಲ ಒಳಗಿನ ಆಧಾರ ಸಡಿಲಾಗಿ ಫೈಬರ್ ಕುಣಿಯುತ್ತಿದೆ ಎಂದರ್ಥ. ಬ್ರಾಕೆಟ್ಟು ಬಿಗಿಮಾಡದೆ ಬಣ್ಣ ಹೊಡೆದರೆ ಬಲೆ ಮತ್ತೆ ಮೂಡುತ್ತದೆ.

ಉಜ್ಜಿದ ಮೇಲೆ ಒಣಗಿಸುವುದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ನಿಜವಾದ ಸಮಸ್ಯೆ ಇದೇ. ಬಿರುಕಿನೊಳಗೆ ಇಳಿದ ನೀರು ನಾರಿನ ಗುಂಟ ಹರಡಿ ಕೂತಿರುತ್ತದೆ. ಅದರ ಮೇಲೆ ರೆಸಿನ್ ಹಚ್ಚಿದರೆ ಹಿಡಿತ ಬಾರದು. ಹಸಿ ಅಡಿಕೆಯನ್ನು ಮೂಟೆ ಕಟ್ಟಿದರೆ ಏನಾಗುತ್ತದೆಂದು ಬಲ್ಲ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಗ್ಯಾರೇಜಿನ ಮುಂದೆ ನಡೆಯುವ ಮಾತುಕತೆ ಹೀಗೇ ಇರುತ್ತದೆ:

“ಸಂಜೆಗೆ ಗೋಕರ್ಣಕ್ಕೆ ಟ್ರಿಪ್ಪು ಅದೆ ಮಾರಾಯಾ, ಅಷ್ಟ್ರೊಳಗೆ ಮಾಡಿಕೊಡು.”

“ಒಣಗದೆ ಹಚ್ಚಿದ್ರೆ ನಿಲ್ಲೂದಿಲ್ಲ ಹೆಗಡೇರೆ. ನಾಳೆ ಬನ್ನಿ.”

ಮಳೆಗಾಲದಲ್ಲಿ ದೊಡ್ಡ ಬಲ್ಬಿನ ಶಾಖ ಹಿಡಿದು ಒಣಗಿಸಬಹುದು. ದೀಪಾವಳಿ ಕಳೆದ ಮೇಲಿನ ಬಿಸಿಲಿಗೆ ಅದು ಸಾಟಿಯಲ್ಲ.

ರೆಸಿನ್ ನೋಡಲು ಸಿದ್ದಾಪುರದ ಕಡೆಯ ಜೋನಿ ಬೆಲ್ಲದ ಹಾಗೆ, ಸ್ವಲ್ಪ ತೆಳು. ಅದು ಗಟ್ಟಿಯಾಗಲು ನೂರು ಗ್ರಾಂಗೆ ಒಂದರಿಂದ ಎರಡು ಗ್ರಾಂ ಹಾರ್ಡನರ್. ಚಳಿಯ ಬೆಳಗಿನಲ್ಲಿ ತುಸು ಹೆಚ್ಚು, ಏಪ್ರಿಲ್ ಮಧ್ಯಾಹ್ನದಲ್ಲಿ ಕಡಿಮೆ. ಬೇಗ ಮುಗಿಯಲೆಂದು ಜಾಸ್ತಿ ಸುರಿದರೆ ಡಬ್ಬಿಯೇ ಬಿಸಿಯೇರಿ ಹೊಗೆಯಾಡುತ್ತದೆ, ತೇಪೆ ಬಿರಿಯುತ್ತದೆ. ಕಲೆಸಿದ ಮೇಲೆ ಕೈಯಲ್ಲಿರುವುದು ಹದಿನೈದು ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಕತ್ತರಿಸಿಟ್ಟ ಗಾಜಿನ ನಾರಿನ ಮ್ಯಾಟನ್ನು ಇಳಿಜಾರಿನ ಮೇಲಿಟ್ಟು, ಬ್ರಷ್ಷಿನಿಂದ ಬಳಿಯದೆ ಕುಕ್ಕುತ್ತ ಹೋಗಬೇಕು. ಬಳಿದರೆ ನಾರು ಎದ್ದು ಬರುತ್ತದೆ. ಬೆಳ್ಳಗೆ ಹತ್ತಿಯಂತಿದ್ದ ಮ್ಯಾಟು ರೆಸಿನ್ ಕುಡಿಯುತ್ತಲೇ ಮಾಯವಾದಂತೆ ಪಾರದರ್ಶಕವಾಗುತ್ತದೆ. ಎಲ್ಲಾದರೂ ಬಿಳಿ ಚುಕ್ಕೆ ಉಳಿಯಿತೆಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ಗಟ್ಟಿಯಾದಾಗ ಸುಮಾರು ಒಂದು ಮಿಲಿಮೀಟರ್. ಮೂರು ಮಿಲಿಮೀಟರಿಗೆ ಮೂರು ಪದರ. ಆರ್‌ಪಾರ್ ತೂತಾಗಿದ್ದರೆ ಹಿಂದಿನಿಂದ ಪ್ಲಾಸ್ಟಿಕ್ ಹಾಳೆ ಸುತ್ತಿದ ರಟ್ಟು ಆನಿಸಿಕೊಳ್ಳಬೇಕು. ಪುಟ್ಟಿಯ ಸರದಿ ಬರುವುದು ಇದೆಲ್ಲ ಆದಮೇಲೆ, ಅದೂ ತೆಳ್ಳಗೆ.

ಮೈಗೆ ಬಿದ್ದ ಗಾಜಿನ ಪುಡಿ ನಸುಗುನ್ನಿ ಕಾಯಿಯ ರೋಮವನ್ನು ನೆನಪಿಸುತ್ತದೆ. ತುರಿಸಿದಷ್ಟೂ ಒಳಕ್ಕಿಳಿಯುತ್ತದೆ. ಉದ್ದ ತೋಳಿನ ಅಂಗಿ, ಕನ್ನಡಕ, ಗಟ್ಟಿ ಮಾಸ್ಕ್ ಬೇಕು. ಕೆಲಸ ಮುಗಿದ ಮೇಲೆ ತಣ್ಣೀರಿನ ಸ್ನಾನ. ರೆಸಿನ್ನಿನ ಘಾಟು ಸ್ಟೈರೀನ್‌ನದು, ಮುಚ್ಚಿದ ಕೋಣೆಯಲ್ಲಿ ತಲೆ ಸುತ್ತಿಸುತ್ತದೆ. ಇವೆಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ರೆಸಿನ್ನಿಗೆ ಸೇರಿಸುವ ಕೋಬಾಲ್ಟ್ ದ್ರಾವಣ ಮತ್ತು ಹಾರ್ಡನರ್ ಇವೆರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು. ಬೆಂಕಿ ಹೊತ್ತಬಹುದು, ಸಿಡಿಯಲೂಬಹುದು. ಎರಡನ್ನೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಡುವ ರೂಢಿ ಒಳ್ಳೆಯದಲ್ಲ.

ಈ ವಿದ್ಯೆ ವಾಹನಕ್ಕಷ್ಟೇ ಸೀಮಿತವಲ್ಲ. ಅಂಗಳಕ್ಕೆ ಬೆಳಕು ಬಿಡುವ ಫೈಬರ್ ಶೀಟುಗಳಲ್ಲಿ ಕೆಲವು ವರ್ಷಕ್ಕೆ ನಾರು ಎದ್ದು, ಕೈಯಾಡಿಸಿದರೆ ಚುಚ್ಚುತ್ತದಲ್ಲ, ಬಿಸಿಲಿಗೆ ಮೇಲಿನ ರೆಸಿನ್ ಸವೆದುಹೋಗಿ ಹಾಗಾಗುವುದು. ಸದಾ ಬಯಲಲ್ಲೇ ನಿಲ್ಲುವ ಬಸ್ಸಿನ ಫೈಬರ್ ಭಾಗಗಳಿಗೂ ಅದೇ ಗತಿ. ಅಡಿಕೆ ಕೊಯ್ಯುವ ಕಾರ್ಬನ್ ದೋಟಿ ಮುರಿದಾಗಲೂ ರೆಸಿನ್ನಿನಿಂದಲೇ ಜೋಡಿಸುವ ಆಸೆ ಹುಟ್ಟುತ್ತದೆ. ಬೆಸುಗೆ ಕೂರಬಹುದು, ಆದರೆ ದೋಟಿಯ ವಿಷಯದಲ್ಲಿ ಒಂದು ವ್ಯತ್ಯಾಸ ಮರೆಯುವಂತಿಲ್ಲ: ಗಾಜಿನ ನಾರು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಕಾರ್ಬನ್ ನಾರು ಹರಿಯಗೊಡುತ್ತದೆ. ತೋಟದ ಮೇಲೆ ತಂತಿ ಹಾದುಹೋಗಿರುವಲ್ಲಿ ಗಾಜಿನ ತೇಪೆ ಹಾಕಿದ ಕಾರ್ಬನ್ ದೋಟಿಯೂ ಕಾರ್ಬನ್ ದೋಟಿಯೇ.

ಮತ್ತೆ ಬಸ್ಸಿನ ಹತ್ತಿರ ಬಂದರೆ, ಬಣ್ಣ ಹೊಡೆದು ನಿಲ್ಲಿಸಿದ ಗಾಡಿಯ ತೇಪೆ ಗಟ್ಟಿಯೋ ಪೊಳ್ಳೋ ಎಂದು ಕಣ್ಣಿನಿಂದ ಹೇಳುವುದು ಕಷ್ಟ. ಬಣ್ಣ ಎಲ್ಲವನ್ನೂ ಮುಚ್ಚುತ್ತದೆ. ಅದಕ್ಕೆ ಕಿಸೆಯಲ್ಲಿನ ಎರಡು ರೂಪಾಯಿ ನಾಣ್ಯ ಸಾಕು. ಮೊದಲು ಒಡೆಯದ ಜಾಗದಲ್ಲಿ ತಟ್ಟಬೇಕು, ಆಮೇಲೆ ತೇಪೆಯ ಮೇಲೆ. ಪದರಗಳು ಕೂಡಿಕೊಂಡಿದ್ದರೆ ಎರಡೂ ಕಡೆ ಒಂದೇ ಚುರುಕು ಸದ್ದು. ಒಳಗೆ ಬಿಟ್ಟುಕೊಂಡಿದ್ದರೆ ಸದ್ದು ಮಂಕಾಗುತ್ತದೆ. ಮರದಲ್ಲಿರುವ ಹಲಸಿನಕಾಯಿಯನ್ನು ತಟ್ಟಿ ಬಲಿತಿದೆಯೋ ಇಲ್ಲವೋ ಎಂದು ಹೇಳುವ ಕಿವಿಗೆ ಇದೇನು ಹೊಸದಲ್ಲ. ದುಡ್ಡು ಎಣಿಸಿಕೊಡುವ ಮುಂಚೆ ಹಾಗೆ ತಟ್ಟಿ ನೋಡುವ ಮಾಲೀಕನ ಮೇಲೆ ಒಳ್ಳೆಯ ಕೆಲಸಗಾರ ಸಿಟ್ಟಾಗುವುದಿಲ್ಲ, ತಾನೇ ನಾಣ್ಯ ತೆಗೆದುಕೊಡುತ್ತಾನೆ.