ಕೆಮ್ಮಿನಲ್ಲಿ ರಕ್ತ ಕಂಡರೆ ಮುಚ್ಚಿಡಬೇಡಿ

ವುಝೂ ಮಾಡುವ ಜಾಗದಲ್ಲಿ ಹಿರಿಯರೊಬ್ಬರು ಕೆಮ್ಮಿ ಉಗುಳಿದಾಗ ಕೆಂಪು ಕಂಡಿತು. ಕೇಳಿದ್ದಕ್ಕೆ, "ಎಲೆ ಅಡಿಕೆಯ ಬಣ್ಣ ಹಝ್ರತ್" ಎಂದರು. ನಾನೂ ಸುಮ್ಮನಾದೆ. ಎರಡು ತಿಂಗಳ ಬಳಿಕ ಅದು ಕ್ಷಯವೆಂದು ತಿಳಿಯಿತು. ಅಷ್ಟರಲ್ಲಿ ಅವರ ಮೊಮ್ಮಗನಿಗೂ ಕೆಮ್ಮು ಹತ್ತಿತ್ತು. ನಾನು ಸುಮ್ಮನಿದ್ದ ಆ ತಪ್ಪೇ ಇದನ್ನು ಬರೆಯಿಸುತ್ತಿದೆ.

ಕೆಮ್ಮಿದಾಗ ಕಫದೊಂದಿಗೆ, ನೊರೆಯಾಗಿ ಬರುವ ಕೆಂಪು ರಕ್ತ ಸಾಮಾನ್ಯವಾಗಿ ಶ್ವಾಸಕೋಶದ್ದು. ವಾಂತಿಯಲ್ಲಿ ಅನ್ನದೊಂದಿಗೆ, ಕಾಫಿ ಪುಡಿಯ ಬಣ್ಣದಲ್ಲಿ ಬಂದರೆ ಹೊಟ್ಟೆಯದ್ದು. ಮೂಗು, ಒಸಡಿನಿಂದಲೂ ಬರಬಹುದು.

ನಮ್ಮ ದೇಶದಲ್ಲಿ ಮೊದಲು ನೆನಪಿಸಿಕೊಳ್ಳಬೇಕಾದ ಕಾರಣ ಕ್ಷಯ. ಹಿಂದೆ ಕ್ಷಯವಾಗಿ ಗುಣವಾದವರ ಶ್ವಾಸಕೋಶದಲ್ಲಿ ಉಳಿದ ಗಾಯ, ನ್ಯುಮೋನಿಯಾ, ಶ್ವಾಸನಾಳದ ಸೋಂಕು, ಹೃದಯದ ಕವಾಟದ ರೋಗವೂ ಕಾರಣವಾಗಬಹುದು. ಬೀಡಿ, ಸಿಗರೇಟು ಸೇದುವ, 40 ದಾಟಿದವರು ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ.

ವೈದ್ಯರು ರಕ್ತ ಎಷ್ಟು, ಎಷ್ಟು ದಿನದಿಂದ, ಜ್ವರ, ರಾತ್ರಿ ಬೆವರು, ತೂಕ ಇಳಿತ ಇದೆಯೇ ಎಂದು ಕೇಳುತ್ತಾರೆ. ಎದೆಯ ಎಕ್ಸ್‌ರೇ, ಕಫ ಮತ್ತು ರಕ್ತದ ಪರೀಕ್ಷೆ ಮೊದಲ ಹೆಜ್ಜೆ. ಸರಕಾರಿ ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ. ದಾಂಡೇಲಿ, ಹಳಿಯಾಳ, ಮುಂಡಗೋಡದವರು ತಡಮಾಡಬಾರದು. ಜೋಯಿಡಾದ ಕಾಡಿನ ಊರುಗಳವರು ಆಶಾ ಕಾರ್ಯಕರ್ತೆಗೆ ತಿಳಿಸಲಿ. ಸಿ.ಟಿ. ಸ್ಕ್ಯಾನ್, ಬ್ರಾಂಕೋಸ್ಕೋಪಿ ಬೇಕೆಂದರೆ ಹುಬ್ಬಳ್ಳಿಯಂಥ ದೊಡ್ಡ ಊರಿಗೆ ಹೋಗಬೇಕಾಗುತ್ತದೆ.

ಒಮ್ಮೆಗೇ ಅರ್ಧ ಲೋಟದಷ್ಟು ಬಂದರೆ, ಉಸಿರು ಕಟ್ಟಿದರೆ, ತಲೆ ತಿರುಗಿದರೆ ಕೂಡಲೇ 108ಕ್ಕೆ ಕರೆಮಾಡಿ. ಇಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತ ಹೋಗುವುದಲ್ಲ, ಉಸಿರುನಾಳದಲ್ಲಿ ರಕ್ತ ತುಂಬಿ ಉಸಿರುಕಟ್ಟುವುದು.

ಸಾಮಾನ್ಯ ಕ್ಷಯಕ್ಕೆ 6 ತಿಂಗಳ ಉಚಿತ ಔಷಧಿಯಿದೆ. ಪೌಷ್ಟಿಕ ಆಹಾರಕ್ಕೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ. ಮಾತ್ರೆಯಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ; ಅದು ರಕ್ತವಲ್ಲ, ಹೆದರಿ ಬಿಡಬೇಡಿ. ಎರಡು ತಿಂಗಳಲ್ಲಿ ಹಗುರಾಯಿತೆಂದು ನಿಲ್ಲಿಸಿದರೆ ರೋಗ ಮರಳುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು.

ರಮಝಾನಿನಲ್ಲಿ ರೋಗಿಗೆ ಉಪವಾಸ ಮುಂದೂಡುವ ಅನುಮತಿಯನ್ನು ಕುರ್‌ಆನ್ ಕೊಟ್ಟಿದೆ. ಮಾತ್ರೆ ತಪ್ಪಿಸಿ ಉಪವಾಸ ಹಿಡಿಯುವುದು ತಕ್ವಾ ಅಲ್ಲ.

ಮದುವೆ ಸಂಬಂಧ ಮುರಿದೀತೆಂದು ಮಗಳ ಕೆಮ್ಮು ಮುಚ್ಚಿಡುವ ತಂದೆ ತಾಯಂದಿರೇ, ರೋಗ ನಾಚಿಕೆಯ ವಿಷಯವಲ್ಲ. ಮುಂದಿನ ಜುಮಾದವರೆಗೂ ಕಾಯಬೇಡಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ನನ್ನನ್ನು ಕರೆಯಿರಿ, ಜೊತೆಗೆ ಬರುತ್ತೇನೆ.