ಉಸಿರಿನ ದಾರಿಯಲ್ಲಿ ಮೌನ

ಚಿಕ್ಕಂದಿನಲ್ಲಿ ನನಗೆ ಉಬ್ಬಸ ಬಂದಾಗ ನಮ್ಮ ತಾಯಿ ಬಿಸಿನೀರಿನ ತಪ್ಪಲೆಯ ಮೇಲೆ ಮೊದಲು ತಮ್ಮ ಕೈಯೊಡ್ಡಿ ನೋಡಿ, ಆಮೇಲೆ ನನ್ನನ್ನು ಕೂರಿಸಿ, ಕಂಬಳಿ ಹೊದಿಸಿ, “ಹಬೆ ಎಳೆದುಕೋ, ಮಗು” ಎನ್ನುತ್ತಿದ್ದರು. ರೋಗ ಉಸಿರಿನಲ್ಲಿದ್ದರೆ ಮದ್ದೂ ಉಸಿರಿನ ದಾರಿಯಲ್ಲೇ ಹೋಗಬೇಕೆಂಬುದು ಅವರ ತರ್ಕ. ಇಂದು ನನ್ನ ಜೇಬಿನಲ್ಲಿರುವ ಇನ್‌ಹೇಲರ್ ಆ ತರ್ಕದ ಮುಂದುವರಿಕೆಯೇ ಸರಿ. ಆದ್ದರಿಂದ, ಜೀನ್‌ಗಳನ್ನು ಮೌನಗೊಳಿಸುವ ಔಷಧವನ್ನು ಉಸಿರಿನೊಡನೆ ಶ್ವಾಸಕೋಶಕ್ಕೆ ತಲುಪಿಸುವ ಪ್ರಯತ್ನಗಳನ್ನು ಕುರಿತು ಓದಿದಾಗ ನನ್ನ ಕುತೂಹಲ ಅಧ್ಯಾಪಕನದು ಮಾತ್ರವಾಗಿರಲಿಲ್ಲ, ರೋಗಿಯದೂ ಆಗಿತ್ತು.

ಮೌನಗೊಳಿಸುವುದೆಂದರೇನು? ಜೀನ್ ಎಂಬುದು ಜೀವಕೋಶದ ಮೂಲಗ್ರಂಥ. ಅದು ಕೋಶಕೇಂದ್ರವನ್ನು ಬಿಟ್ಟು ಕದಲುವುದಿಲ್ಲ. ಅದರ ಪ್ರತಿಯಾದ ಆರ್‌ಎನ್‌ಎ ಹೊರಬಂದು, ಅದರಂತೆ ಪ್ರೋಟೀನು ಸಿದ್ಧವಾಗುತ್ತದೆ. ಆಂಡ್ರೂ ಫೈರ್, ಕ್ರೇಗ್ ಮೆಲ್ಲೊ ಮತ್ತು ಸಂಗಡಿಗರು ಒಂದು ಸಣ್ಣ ಹುಳುವಿನೊಳಗೆ ಜೋಡಿ ಎಳೆಯ ಆರ್‌ಎನ್‌ಎಯನ್ನು ಸೇರಿಸಿದಾಗ, ಅದಕ್ಕೆ ಹೊಂದುವ ಪ್ರತಿ ಮಾತ್ರ ಇಲ್ಲವಾಯಿತೆಂದು ೧೯೯೮ರಲ್ಲಿ ಪ್ರಕಟಿಸಿದರು. ಗ್ರಂಥ ಉಳಿಯಿತು, ಅದರ ಮಾತು ನಿಂತಿತು. ೨೦೦೬ರಲ್ಲಿ ಈ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ೨೦೧೮ರಲ್ಲಿ ಈ ತತ್ತ್ವದ ಮೊದಲ ಔಷಧವಾದ ಪಟಿಸಿರಾನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಆದರೆ ಅದು ರಕ್ತನಾಳದ ಮೂಲಕ ಯಕೃತ್ತನ್ನು ಸೇರುವಂಥದು.

ಶ್ವಾಸಕೋಶದ ಬಾಗಿಲಾದರೋ ಸದಾ ತೆರೆದಿದೆ; ಅಲ್ಲಿಗೆ ಸೂಜಿಯೇಕೆ? ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ತೆರೆದ ಬಾಗಿಲಿಗೆ ಕಾವಲು ಹೆಚ್ಚು. ಹನಿ ಐದು ಮೈಕ್ರಾನಿಗಿಂತ ದಪ್ಪವಾದರೆ ಬಹುಮಟ್ಟಿಗೆ ಬಾಯಿ ಗಂಟಲುಗಳಲ್ಲೇ ಉಳಿಯುತ್ತದೆ. ತೀರ ಸಣ್ಣದಾದರೆ ಬಿಟ್ಟ ಉಸಿರಿನೊಡನೆ ಹೊರಬೀಳಬಹುದು. ಒಳಹೊಕ್ಕದ್ದನ್ನು ಲೋಳೆ ಹಿಡಿಯುತ್ತದೆ, ಸೂಕ್ಷ್ಮ ರೋಮಗಳು ಮೇಲಕ್ಕೆ ತಳ್ಳುತ್ತವೆ, ಭಕ್ಷಕ ಕೋಶಗಳು ನುಂಗುತ್ತವೆ. ಇವೆಲ್ಲವನ್ನೂ ದಾಟಿ ಜೀವಕೋಶದೊಳಗೆ ಹೋದದ್ದೂ ಅಲ್ಲಿನ ಪುಟ್ಟ ಪೊರೆಚೀಲಗಳಲ್ಲಿ ಸೆರೆಯಾಗುವುದೇ ಹೆಚ್ಚು.

ಅನುಭವವೂ ಇದನ್ನೇ ಹೇಳುತ್ತದೆ. ಆರ್‌ಎಸ್‌ವಿ ಎಂಬ ವೈರಸ್ಸಿನ ಸೋಂಕಿದ್ದ, ಶ್ವಾಸಕೋಶದ ಕಸಿ ಮಾಡಿಸಿಕೊಂಡ ರೋಗಿಗಳಿಗೆ ಇಂಥದೊಂದು ಔಷಧವನ್ನು ಮಂಜಿನ ರೂಪದಲ್ಲಿ ಉಸಿರಾಡಿಸಿದರು. ಮೊದಲು ಆಸೆ ಚಿಗುರಿತು. ಆದರೆ ೨೦೧೨ರಲ್ಲಿ ಫಲಿತಾಂಶ ಹೊರಬಿದ್ದ ದೊಡ್ಡ ಪರೀಕ್ಷೆ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ ಲೋಳೆ ಗಟ್ಟಿಯಾಗಿ ಉಸಿರಿನ ದಾರಿಯನ್ನು ಕಟ್ಟುತ್ತದೆ. ಅದಕ್ಕೆಂದು ಸಿದ್ಧಪಡಿಸಿದ ಮತ್ತೊಂದು ಔಷಧದ ದೀರ್ಘಕಾಲದ ಪರೀಕ್ಷೆಯಲ್ಲಿ ಇಲಿಗಳ ಶ್ವಾಸಕೋಶದಲ್ಲಿ ಉರಿಯೂತ ಕಂಡುಬಂದದ್ದರಿಂದ, ೨೦೨೧ರಲ್ಲಿ ಮನುಷ್ಯರ ಮೇಲಿನ ಪ್ರಯೋಗವನ್ನು ತಡೆಹಿಡಿದರು.

ಒಬ್ಬ ಹುಡುಗನನ್ನು ಸುಮ್ಮನಿರಿಸಹೋಗಿ ಇಡೀ ತರಗತಿಯಲ್ಲಿ ಗದ್ದಲವೆಬ್ಬಿಸಿದ ಅನುಭವ ಅಧ್ಯಾಪಕರಾದವರಿಗೆಲ್ಲ ಉಂಟು. ಮೌನವನ್ನು ತರುವುದಕ್ಕಿಂತ, ಬೇಕಾದಲ್ಲಿ ಮಾತ್ರ ತರುವುದು ಕಷ್ಟ. ಕ್ಷಣವೂ ಬಿಡುವಿಲ್ಲದೆ ದುಡಿಯುವ ಅಂಗದಲ್ಲಂತೂ ತಪ್ಪಿಗೆ ಎಡೆಯೇ ಕಡಮೆ. ಆದ್ದರಿಂದ ಪ್ರಯೋಗವನ್ನು ತಡೆದುದನ್ನು ನಾನು ಸೋಲೆಂದು ಕರೆಯಲಾರೆ. ಇರುಳಲ್ಲಿ ಉಸಿರಿಗಾಗಿ ಎದ್ದು ಕುಳಿತ ರೋಗಿಗೆ ಕಾಯುವುದು ಸುಲಭವಲ್ಲ, ಅದನ್ನು ಬಲ್ಲೆ. ಆದರೂ, ದಾರಿಯನ್ನು ತೋರಿದ ತಾಯಿಯೇ ಹಬೆಗೆ ಮೊದಲು ತಮ್ಮ ಕೈಯನ್ನೂ ಒಡ್ಡುತ್ತಿದ್ದರು. ಆ ಕೈ ಪ್ರಯೋಗಶಾಲೆಯಲ್ಲಿಯೂ ಇರಲಿ.