ಸತ್ತ ಗಣಕಯಂತ್ರದ ನಾಡಿಪರೀಕ್ಷೆ

1982ರಲ್ಲಿ ಅಮೆರಿಕದ ಕಾಮೊಡೋರ್ ಸಂಸ್ಥೆಯು ಮನೆಬಳಕೆಗೆಂದು ಗಣಕಯಂತ್ರವೊಂದನ್ನು ಮಾರಾಟಕ್ಕೆ ತಂದಿತು. ಅದರ ಸ್ಮೃತಿ 64 ಕಿಲೋಬೈಟಿನದಾದುದರಿಂದ ಕಾಮೊಡೋರ್ 64 ಎಂದೇ ಹೆಸರಾಯಿತು. ಸಂಸ್ಥೆ 1994ರಲ್ಲಿ ದಿವಾಳಿಯಾಯಿತು. ಯಂತ್ರದ ಮುಖ್ಯ ಚಿಪ್ಪುಗಳ ತಯಾರಿಕೆಯೂ ನಿಂತುಹೋಗಿದೆ. ಇರುವುದನ್ನು ದುಡುಕಿ ಸುಟ್ಟುಕೊಂಡರೆ ಅಂತಹುದೇ ಇನ್ನೊಂದು ಸಿಕ್ಕುವುದು ಕಷ್ಟ. ಹಾಗಾದರೆ, ಗುಂಡಿ ಒತ್ತಿದಾಗ ಕೆಂಪು ದೀಪ ಹತ್ತಿಯೂ ಪರದೆ ಕಪ್ಪಾಗಿಯೇ ಉಳಿದರೆ ಪರೀಕ್ಷೆಯನ್ನು ಎಲ್ಲಿಂದ ಆರಂಭಿಸಬೇಕು?

ಮೊದಲು ವಿದ್ಯುತ್ತಿನ ವಿಚಾರ. ಹೊರಗಿನ ಪೆಟ್ಟಿಗೆಯೊಂದರಿಂದ ಯಂತ್ರಕ್ಕೆ ಎರಡು ಬಗೆಯ ವಿದ್ಯುತ್ತು ಬರುತ್ತದೆ: 5 ವೋಲ್ಟಿನ ಏಕಮುಖ ಪ್ರವಾಹ, 9 ವೋಲ್ಟಿನ ಪರ್ಯಾಯ ಪ್ರವಾಹ. ಪೆಟ್ಟಿಗೆಯೊಳಗಿನ ನಿಯಂತ್ರಕ ಹಳತಾಗಿ ಕೆಟ್ಟಾಗ 5 ವೋಲ್ಟು ಇಳಿಯುವ ಬದಲು ಏರುವುದು ಇದರ ಕುಖ್ಯಾತ ದೋಷ. ಏರಿದ ವಿದ್ಯುತ್ತು ಸ್ಮೃತಿಯ ಚಿಪ್ಪುಗಳನ್ನು ಕೊಲ್ಲುತ್ತದೆ. ಇದನ್ನರಿಯದೆ ಹೊಸ ಚಿಪ್ಪು ಹಾಕಿ ಅದೇ ಪೆಟ್ಟಿಗೆಯನ್ನು ಜೋಡಿಸಿದವರು ಅದನ್ನೂ ಕಳೆದುಕೊಳ್ಳುತ್ತಾರೆ. ಆದುದರಿಂದ ಪೆಟ್ಟಿಗೆಯನ್ನು ಯಂತ್ರದಿಂದ ಬಿಡಿಸಿ ಅಳೆಯಬೇಕು. 5¼ ವೋಲ್ಟನ್ನು ಮೀರಿದರೆ ಅದರ ಆಸೆ ಬಿಡಬೇಕು. ಅಳತೆ ಸರಿಯಾಗಿದ್ದರೂ ಕಾದಮೇಲೆ ತನ್ನ ಗುಣ ತೋರುವುದುಂಟು. ಹೊಸ ಪೆಟ್ಟಿಗೆ ಕೊಳ್ಳುವುದೇ ಜಾಣತನವೆಂದು ನನ್ನ ಎಣಿಕೆ.

ದೀಪ ಹತ್ತಿತೆಂದು ಹಿಗ್ಗಲೂಬಾರದು. ಅದು ಉರಿಯುವುದು 5 ವೋಲ್ಟಿನಿಂದ. ಮೊದಮೊದಲ ಫಲಕಗಳಲ್ಲಿ ಚಿತ್ರ ಮೂಡಿಸುವ ಚಿಪ್ಪಿಗೆ ಆಹಾರ 9 ವೋಲ್ಟಿನ ಕಡೆಯಿಂದ. ಲೆಕ್ಕ ಮಾಡುವ ಮುಖ್ಯ ಚಿಪ್ಪಿಗೆ ಸೆಕೆಂಡಿಗೆ ಸುಮಾರು 10 ಲಕ್ಷ ಸಲ ತಾಳ ಹಾಕುವುದೂ ಈ ಚಿತ್ರದ ಚಿಪ್ಪೇ. ಹೀಗಾಗಿ 9 ವೋಲ್ಟಿನ ದಾರಿಯಲ್ಲಿರುವ ಪುಟ್ಟ ಫ್ಯೂಸು ಹೋದರೆ, ದೀಪವಿದ್ದೂ ಯಂತ್ರ ಸತ್ತಂತೆಯೇ. ಚಿಪ್ಪಿನ ಬೆಲೆಯೆಲ್ಲಿ, ಫ್ಯೂಸಿನ ಬೆಲೆಯೆಲ್ಲಿ!

ವಿದ್ಯುತ್ತು ಸರಿಯಿದ್ದರೆ ಮುಂದಿನ ಉಪಕರಣ ನಮ್ಮ ಬೆರಳು. ಸ್ಮೃತಿಯ ಎಂಟು ಚಿಪ್ಪುಗಳು ಹೆಚ್ಚೆಂದರೆ ಬೆಚ್ಚಗಿರಬೇಕು. ಕೈ ಸುಡುವಂತಹುದು ಕೆಟ್ಟಿದೆಯೆಂದೇ ತಿಳಿಯಬಹುದು. (ಚಿತ್ರದ ಮತ್ತು ಧ್ವನಿಯ ಚಿಪ್ಪುಗಳು ಕಾಯುವುದು ಸಹಜ.) ಎಂಟರಲ್ಲಿ ಒಂದು ಕೆಟ್ಟರೆ ಎಲ್ಲವೂ ಏಕೆ ನಿಲ್ಲಬೇಕು? ಒಂದು ಬೈಟಿಗೆ ಎಂಟು ಬಿಟ್ಟುಗಳು. ಒಂದೊಂದು ಚಿಪ್ಪು ಪ್ರತಿಯೊಂದು ಬೈಟಿನ ಒಂದೇ ಒಂದು ಬಿಟ್ಟನ್ನು ಹಿಡಿದಿರುತ್ತದೆ. ಎಂಟು ಮಂದಿ ಒಂದೊಂದಕ್ಷರ ಹೇಳಿ ಪದ ಕಟ್ಟುವ ಆಟದಲ್ಲಿ ಒಬ್ಬನು ಬಾಯಿ ಬಿಡದಿದ್ದರೆ ಯಾವ ಪದ ತಾನೆ ಪೂರ್ಣವಾದೀತು? ಆ ಒಬ್ಬನನ್ನು ಹಿಡಿಯಲು ಸಂಸ್ಥೆಯೇ ಮಾಡಿಸಿದ್ದ ಪರೀಕ್ಷೆಯ ಕಾರ್ಟ್ರಿಜ್ಜೊಂದಿದೆ. ಅದು ತನ್ನೊಳಗಿನ ಆದೇಶಗಳಿಂದಲೇ ನಡೆದು ಪರದೆಯನ್ನು ಮಿಟುಕಿಸುತ್ತದೆ. ಎಷ್ಟು ಸಲ ಮಿಟುಕಿತೆಂಬುದರಿಂದ ಕೆಟ್ಟ ಚಿಪ್ಪು ಯಾವುದೆಂದು ಗೊತ್ತಾಗುತ್ತದೆ. ಮಿಟುಕೂ ಇಲ್ಲವಾದರೆ ಪಿಎಲ್‌ಎ ಎಂಬ ಚಿಪ್ಪಿನ ಮೇಲೆ ಸಂಶಯ. ಇರುವ 65,536 ವಿಳಾಸಗಳನ್ನು ಸ್ಮೃತಿಯೂ ಸ್ಥಿರ ಆದೇಶಗಳ ಚಿಪ್ಪುಗಳೂ ಹಂಚಿಕೊಂಡಿರುವಾಗ, ಯಾರು ಉತ್ತರಿಸಬೇಕೆಂದು ಕ್ಷಣಕ್ಷಣಕ್ಕೂ ಹೇಳುವುದು ಅದೇ.

ಕೆಟ್ಟ ಚಿಪ್ಪನ್ನು ಇಡಿಯಾಗಿ ಕೀಳಬಾರದು. ಮೊದಲು ಕಾಲುಗಳನ್ನು ಕತ್ತರಿಸಿ, ಬಳಿಕ ಬೆಸುಗೆ ಕರಗಿಸಿ ಒಂದೊಂದನ್ನೇ ತೆಗೆದರೆ ಹಳೆಯ ಫಲಕದ ತಾಮ್ರದ ಗೆರೆಗಳು ಕಿತ್ತುಬರುವ ಭಯ ಕಡಿಮೆ. ಆ ಜಾಗದಲ್ಲಿ ಸಾಕೆಟ್ಟನ್ನು ಬೆಸೆದು, ಹೊಸ ಚಿಪ್ಪು ಕೂರಿಸುವ ಮುನ್ನ ಮತ್ತೊಮ್ಮೆ ವೋಲ್ಟನ್ನು ಅಳೆಯಬೇಕು. ಈ ಜಾತಿಯ ಸ್ಮೃತಿಚಿಪ್ಪಿನಲ್ಲಿ 5 ವೋಲ್ಟು ಬರುವುದು 8ನೆಯ ಕಾಲಿಗೆ, 16ನೆಯದು ಭೂಸಂಪರ್ಕಕ್ಕೆ. ಇತರ ಚಿಪ್ಪುಗಳ ರೂಢಿಗೆ ಇದು ತಿರುಗುಮುರುಗು.